ನಾಲ್ಕು ದಿನಕ್ಕೊಮ್ಮೆ ನಾಲ್ಕು ಗಂಟೆ ನೀರು

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ಬರೋಲ್ಲ ಎಂದು ಹಿಂದಿನ ರಾತ್ರಿಯೇ ಮೆಸೇಜ್ ಬಂತು. ಸೊಸೆ ಬಕೆಟ್ಟು, ಕೊಡ, ಪಾತ್ರೆ, ಕೊನೆಗೆ ಇಡ್ಲಿ ಕುಕ್ಕರಿನಲ್ಲೂ ನೀರು ಹಿಡಿದಿಟ್ಟಳು. ಮರುದಿನ ಮಧ್ಯಾಹ್ನದ ಹೊತ್ತಿಗೆ ಎಲ್ಲ ಖಾಲಿ. "ಅತ್ತೆ, ಅಷ್ಟೊಂದು ತುಂಬಿಸಿದ್ದೆ, ಎಲ್ಲಿ ಹೋಯ್ತು?" ಎಂದಳು. ಇನ್ನೆಲ್ಲಿ ಹೋಗುತ್ತೆ, ಒಂದೊಂದೇ ಕೆಲಸ ಮಾಡಿ ಚರಂಡಿಗೆ ಹೋಗಿತ್ತು. ನೀರು ಎಷ್ಟಿದೆ ಅನ್ನೋದಕ್ಕಿಂತ ಯಾವ ಕೆಲಸ ಆದಮೇಲೆ ಯಾವ ಕೆಲಸಕ್ಕೆ ಹೋಗುತ್ತೆ ಅನ್ನೋದು ಮುಖ್ಯ ಕಣಮ್ಮಾ ಎಂದೆ. ಇದನ್ನು ನಾನು ಕಲಿತದ್ದು ಹಾಂಗ್‌ಕಾಂಗಿನಲ್ಲಿ.

ನಾನು ತೀರ್ಥಹಳ್ಳಿ ಕಡೆಯವಳು. ತವರಿನಲ್ಲಿ ಗುಡ್ಡದ ಅಬ್ಬಿ ನೀರು ಅಡಿಕೆ ದಂಬೆಯಲ್ಲಿ ಹರಿದು ಬಂದು ಹಗಲೂ ರಾತ್ರಿ ಬಚ್ಚಲ ತೊಟ್ಟಿಗೆ ಬೀಳುತ್ತಿತ್ತು. ನಿಲ್ಲಿಸೋಣ ಎಂದರೆ ನಲ್ಲಿಯೇ ಇರಲಿಲ್ಲ. ಅಂಥವಳು 1962ರಲ್ಲಿ ಮದುವೆಯಾಗಿ ಹಾಂಗ್‌ಕಾಂಗಿನ ಕೌಲೂನ್ ಭಾಗದ ಒಂದು ನಾಲ್ಕನೇ ಮಹಡಿಯ ಮನೆಗೆ ಹೋದೆ. ನಮ್ಮ ಯಜಮಾನರು ಅಲ್ಲಿ ಸಿಂಧಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಆಗದು ಬ್ರಿಟಿಷರ ವಸಾಹತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಚೀನಾದಿಂದ ಬಂದ ಜನ ಸೇರಿ ಊರು 35 ಲಕ್ಷಕ್ಕೆ ಬೆಳೆದಿತ್ತು. ಸುತ್ತ ಎಲ್ಲಿ ನೋಡಿದರೂ ನೀರು, ಆದರೆ ಉಪ್ಪು ನೀರು. ಹೇಳಿಕೊಳ್ಳುವಂಥ ಹೊಳೆ ಒಂದೂ ಇಲ್ಲ. ಬೆಟ್ಟಗಳ ನಡುವೆ ಕಟ್ಟಿದ ಜಲಾಶಯಗಳು ಮಳೆ ಬಂದರೆ ತುಂಬಬೇಕು.

1963ರಲ್ಲಿ ಮಳೆ ಕೈಕೊಟ್ಟಿತು. ಮೊದಲು ದಿನಕ್ಕೆ ಇಷ್ಟು ಗಂಟೆ ಎಂದರು, ಆಮೇಲೆ ದಿನ ಬಿಟ್ಟು ದಿನ ಎಂದರು. ಜೂನ್ 1ರಿಂದ ನಾಲ್ಕು ದಿನಕ್ಕೊಮ್ಮೆ ನಾಲ್ಕೇ ಗಂಟೆ. ಒಂದು ವಾರ ಹದಿನೈದು ದಿನ ಇರಬಹುದು ಎಂದುಕೊಂಡೆವು. ಹೆಚ್ಚುಕಡಿಮೆ ಒಂದು ವರ್ಷ ನಡೆಯಿತು. ಹಡಗುಗಳಲ್ಲಿ ಚೀನಾದ ಪರ್ಲ್ ನದಿಯ ನೀರು ತರಿಸಿದರೂ ಸಾಲಲಿಲ್ಲ. ಬೀದಿ ನಲ್ಲಿಯ ಮುಂದೆ ಸೀಮೆಎಣ್ಣೆ ಡಬ್ಬಗಳ ಸಾಲು ಮೂಲೆ ತಿರುಗಿ ಹೋಗುತ್ತಿತ್ತು. ಚಿಕ್ಕ ಚಿಕ್ಕ ಹುಡುಗಿಯರು ಎರಡು ಡಬ್ಬ ಕಾವಡಿಗೆ ಕಟ್ಟಿ ಹೊತ್ತು ಮಹಡಿ ಹತ್ತುತ್ತಿದ್ದರು.

ಎದುರು ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಅಲ್ಲಿ ಅಜ್ಜಿಯರನ್ನು ಆ ಪೋ ಎನ್ನುತ್ತಾರೆ. ನನಗೆ ಅವರ ಭಾಷೆ ಬರದು, ಅವರಿಗೆ ನನ್ನದು ಬರದು. ಒಂದು ದಿನ ನಾನು ಅಕ್ಕಿ ತೊಳೆದ ನೀರು ಚೆಲ್ಲುವುದನ್ನು ನೋಡಿ ಓಡಿ ಬಂದು ನನ್ನ ಕೈ ಹಿಡಿದರು. ಊರಲ್ಲಿ ಅಕ್ಕಚ್ಚು ದನಕ್ಕೆ ಹೋಗುತ್ತಿತ್ತು. ಇಲ್ಲಿ ದನ ಇಲ್ಲ, ಹಾಗಾಗಿ ಚೆಲ್ಲುತ್ತಿದ್ದೆ. ಅವರು ಅದರಲ್ಲೇ ತಟ್ಟೆ ನೆನೆಹಾಕಿ ತೋರಿಸಿದರು. ನೀವೂ ಮಾಡಿ ನೋಡಿ. ಮೊದಲು ತೊಳೆದ ಗಟ್ಟಿ ನೀರಲ್ಲಿ ಊಟದ ತಟ್ಟೆ ಅರ್ಧ ಗಂಟೆ ನೆನೆಯಲಿ, ಅಂಟಿದ್ದೆಲ್ಲ ತಾನೇ ಬಿಡುತ್ತೆ. ಎರಡನೇ ಸಲದ್ದು ಕರಿಬೇವಿನ ಗಿಡಕ್ಕೆ ಹಾಕಿ. ಆದರೆ ಎಣ್ಣೆ ಪಾತ್ರೆಯನ್ನು ಅದರೊಳಗೆ ಅದ್ದಬೇಡಿ. ಒಂದು ಬಾಣಲೆ ಅದ್ದಿದರೆ ಇಡೀ ಬಕೆಟ್ ಕೆಟ್ಟಿತು. ಎಣ್ಣೆಯದ್ದನ್ನು ಮೊದಲು ಹಳೇ ಪೇಪರಿನಲ್ಲಿ ಒರೆಸಿ, ಆಮೇಲೆ ಒಂದು ಚಮಚ ಕಡ್ಲೆಹಿಟ್ಟು ಉದುರಿಸಿ ಉಜ್ಜಿ. ಆ ಪೋ ಅದಕ್ಕೆ ಒಂದು ಕಂದು ಪುಡಿ ಇಟ್ಟಿದ್ದರು. ಟೀ ಗಿಡದ ಜಾತಿಯದೇ ಒಂದು ಬೀಜದಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಅದು. ಅದರಲ್ಲೇ ತಲೆಯನ್ನೂ ತೊಳೆಯುತ್ತಿದ್ದರು. ನಮ್ಮ ಸೀಗೆಪುಡಿಯ ಹಾಗೇ ಅಲ್ವಾ! ಅವತ್ತಿನಿಂದ ನನಗೆ ಪರದೇಶ ಅನ್ನೋ ಭಯ ಅರ್ಧ ಹೋಯಿತು.

ಸ್ನಾನದ ವಿಷಯ. ಅಗಲವಾದ ಟಬ್ಬಿನೊಳಗೆ ನಿಂತು, ಒಂದೇ ಬಕೆಟ್ ನೀರಲ್ಲಿ ಸ್ನಾನ ಮುಗಿಸಿ. ಟಬ್ಬಿನಲ್ಲಿ ನಿಂತ ನೀರಲ್ಲಿ ಕಾಲೊರೆಸು, ಮಸಿಬಟ್ಟೆ ನೆನೆಸಿ. ಅದೇ ನೀರಲ್ಲಿ ನೆಲ ಒರೆಸಿ, ಉಳಿದದ್ದು ಕಕ್ಕಸಿಗೆ. ಸೋಪಿನ ನೀರನ್ನು ನಾಳೆಗೆ ಅಂತ ಇಡಬೇಡಿ, ಒಂದೇ ದಿನಕ್ಕೆ ನಾರುತ್ತೆ. ಅಲ್ಲಿ ಆಗಲೇ ಕೆಲವು ಸರ್ಕಾರಿ ವಸತಿ ಕಟ್ಟಡಗಳಲ್ಲಿ ಕಕ್ಕಸಿಗೆ ಸಮುದ್ರದ ನೀರು ಬಿಡುತ್ತಿದ್ದರು. ಈಗ ಊರಿನ ಬಹುಪಾಲು ಹಾಗೇ ಅಂತೆ. ನಮ್ಮ ಬೆಂಗಳೂರಿಗೆ ಸಮುದ್ರ ಇಲ್ಲ, ಸರಿ. ಆದರೆ ಆರ್‌ಓ ಫಿಲ್ಟರಿನಿಂದ ಆಚೆ ಹೋಗುವ ನೀರು ಇದೆಯಲ್ಲ? ಆ ಪೈಪನ್ನು ಸಿಂಕಿನಿಂದ ತೆಗೆದು ಬಕೆಟ್ಟಿಗೆ ಬಿಡಿ. ನೆಲಕ್ಕೆ, ಕಕ್ಕಸಿಗೆ ಧಾರಾಳ ಆಗುತ್ತೆ. ಗಿಡಕ್ಕೆ ಮಾತ್ರ ದಿನಾ ಹಾಕಬೇಡಿ, ಉಪ್ಪಿನಂಶ ಜಾಸ್ತಿ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದರು. ಈ ನೀರಲ್ಲಿ ತೊಳೆದರೆ ಯಾರೂ ಕೇಳೋಲ್ಲ.

ಕುಡಿಯುವ ನೀರಿನದು ಬೇರೆಯೇ ಲೆಕ್ಕ. ಹಾಂಗ್‌ಕಾಂಗಿನಲ್ಲಿ 1961ರಲ್ಲಿ ಕಾಲರಾ ಬಂದು ಹೋಗಿತ್ತು, ಆ ಹೆದರಿಕೆ ಇನ್ನೂ ಹಸಿಯಾಗಿತ್ತು. ಹಿಡಿದಿಟ್ಟ ನೀರಿಗೆ ಲೋಟ ಹಿಡಿದ ಕೈ ಅದ್ದುವುದೇ ದೊಡ್ಡ ತಪ್ಪು. ಉದ್ದ ಹಿಡಿಯ ಸೌಟು ಇಡಿ, ಇಲ್ಲವೇ ಕೆಳಗೆ ನಲ್ಲಿ ಇರುವ ಡ್ರಮ್ಮು ತನ್ನಿ. ಕುದಿಸಿ, ಮುಚ್ಚಿಡಿ. ಬಳಸುವ ನೀರಿನ ಡ್ರಮ್ಮಿಗೂ ಮುಚ್ಚಳ ಬೇಕು, ಅದರ ಮೇಲೊಂದು ಬಟ್ಟೆ ಕಟ್ಟಿದರೆ ಇನ್ನೂ ಒಳ್ಳೆಯದು. ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗಿನ ಗೋಡೆ ತಿಕ್ಕಿ ಒಣಗಿಸಿ. ಸೊಳ್ಳೆ ಮೊಟ್ಟೆ ನೀರಿಲ್ಲದೆಯೂ ಗೋಡೆಗೆ ಅಂಟಿಕೊಂಡಿರುತ್ತೆ, ಸುಮ್ನೆ ಚೆಲ್ಲಿದರೆ ಹೋಗೋಲ್ಲ.

ನಮ್ಮ ಮನೆಯಲ್ಲಿ ಸ್ನಾನದ ತೊಟ್ಟಿ ಇತ್ತು. ಮೊದಲ ಸಲ ಅದನ್ನು ತುಂಬಿಸಿ ಹೆಮ್ಮೆಯಿಂದ ಮಲಗಿದೆ. ಬೆಳಿಗ್ಗೆ ನೋಡಿದರೆ ಅರ್ಧ. ರಬ್ಬರ್ ಬಿರಡೆ ರಾತ್ರಿಯಿಡೀ ಸೋರಿತ್ತು. ಆಮೇಲೆ ಬಿರಡೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಒತ್ತುವುದು ಕಲಿತೆ.

ನೀರು ಬರುವ ನಾಲ್ಕು ಗಂಟೆಯಲ್ಲೂ ನಮ್ಮ ಮಹಡಿಗೆ ಸಣ್ಣ ದಾರವೇ. ಕೆಳಗಿನವರ ನಲ್ಲಿಗಳೆಲ್ಲ ತೆರೆದಿದ್ದರೆ ಮೇಲಕ್ಕೆ ಏರಲು ಒತ್ತಡ ಎಲ್ಲಿಂದ ಬರಬೇಕು? ಆಗ ಕಿಟಕಿಯಿಂದ ಬಗ್ಗಿ ಕೂಗುತ್ತಿದ್ದರು, "ಲಾವ್ ಹಾ ಸಾನ್ ಸೋಯ್ ಹಾವ್!" ಕೆಳಗಿನ ಮನೆಯವರೇ, ನಲ್ಲಿ ಮುಚ್ಚಿ ಎಂದು ಅರ್ಥ. ನಾನು ಕಲಿತ ಮೊದಲ ಕ್ಯಾಂಟನೀಸ್ ವಾಕ್ಯ ಅದು. ಎಷ್ಟು ಜೋರಾಗಿ ಕೂಗುತ್ತಿದ್ದೆ ಎಂದರೆ ಯಜಮಾನರು ನಾಚಿ ಒಳಗೆ ಹೋಗುತ್ತಿದ್ದರು. ನಿಮ್ಮ ಕಟ್ಟಡದಲ್ಲೂ ಹೀಗಾದರೆ ಮಹಡಿಗೆ ಇಷ್ಟು ಹೊತ್ತು ಅಂತ ಸರದಿ ಮಾಡಿಕೊಳ್ಳಿ.

ಇನ್ನೊಂದು, ನೀರಿಲ್ಲದಾಗ ನಲ್ಲಿ ತಿರುಗಿಸಿ ನೋಡುವ ಚಟ ಎಲ್ಲರಿಗೂ ಇರುತ್ತೆ. ತಿರುಗಿಸಿದ ಮೇಲೆ ಮುಚ್ಚಿದೆವಾ? ಒಂದು ಸಂಜೆ ನಾವು ಮುಚ್ಚದೆ ಹ್ಯಾಪಿ ವ್ಯಾಲಿ ಎಂಬಲ್ಲಿದ್ದ ಹಿಂದೂ ಮಂದಿರಕ್ಕೆ ಹೋಗಿಬಿಟ್ಟಿದ್ದೆವು. ಬರುವಷ್ಟರಲ್ಲಿ ನೀರು ಬಂದು, ಸಿಂಕು ತುಂಬಿ, ಕೆಳಗಿನ ಮನೆಗೆ ಇಳಿದಿತ್ತು. ಅವರು ಕಾರ್ಖಾನೆಗೆ ಪ್ಲಾಸ್ಟಿಕ್ ಹೂ ಜೋಡಿಸಿ ಕೊಡುತ್ತಿದ್ದರು. ಆಗ ಅಲ್ಲಿ ಎಷ್ಟೋ ಬಡವರ ಮನೆಯಲ್ಲಿ ಮಕ್ಕಳು ಮರಿಯೆಲ್ಲ ಸೇರಿ ಮಾಡುತ್ತಿದ್ದ ಕೆಲಸ ಅದು. ಹೂವಿಗೆ ಏನೂ ಆಗಿರಲಿಲ್ಲ, ರಟ್ಟಿನ ಪೆಟ್ಟಿಗೆಗಳು ಮಾತ್ರ ಮುದ್ದೆ. ಆ ತಾಯಿ ಬೈಯಲಿಲ್ಲ. ಅಷ್ಟು ನೀರು ಹೋಯಿತಲ್ಲ ಎಂದು ನೆಲ ನೋಡುತ್ತ ನಿಂತಿದ್ದಳು. ಇವತ್ತಿಗೂ ನಾನು ಬೀಗ ಹಾಕುವ ಮುಂಚೆ ಎಲ್ಲ ನಲ್ಲಿಯನ್ನೂ ಕೈಯಲ್ಲಿ ಮುಟ್ಟಿ ನೋಡುತ್ತೇನೆ. ಮಗ ನಗುತ್ತಾನೆ, ನಗಲಿ.

1964ರ ಮೇ ಕೊನೆಗೆ ವಯೋಲಾ ಎಂಬ ಟೈಫೂನ್ ಬಂದು ಮಳೆ ಸುರಿಯಿತು. ನೀರಿನ ಮೇಲಿನ ನಿರ್ಬಂಧ ತೆಗೆದರು. ಯಜಮಾನರು ಆಫೀಸಿನಿಂದ ಬಂದವರೇ ನಲ್ಲಿ ಪೂರ್ತಿ ತಿರುಗಿಸಿದರು. ಬುಸ್ ಎಂದು ಗಾಳಿ ಬಂತು, ಹಿಂದೆಯೇ ಕೆಂಪು ತುಕ್ಕು ನೀರು ಬಿಳಿ ಷರ್ಟಿನ ಮೇಲೆ ಹಾರಿತು. ಬಹಳ ಹೊತ್ತು ನಿಂತ ನೀರು ಮತ್ತೆ ಬಂದಾಗ ಮೊದಲ ಒಂದೆರಡು ಬಕೆಟ್ ಕಕ್ಕಸಿಗೆ ಇಡಿ, ಗಾಳಿ ಹೋಗುವ ತನಕ ಗೀಸರ್ ಹಾಕಬೇಡಿ. ಬಟ್ಟೆಗೆ ತುಕ್ಕು ತಾಗಿದರೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಚೆನ್ನಾಗಿ ತೊಳೆಯಿರಿ. ಬಿಳಿ ಬಟ್ಟೆಯದು ಹೋಗುತ್ತೆ. ಆ ಷರ್ಟಿನದು ಮಾತ್ರ ಹೋಗಲಿಲ್ಲ. ನೀರು ಬಂದ ಖುಷಿಯಲ್ಲಿ ಮನೆಯನ್ನೆಲ್ಲ ತೊಳೆಯುತ್ತ ಅದನ್ನು ಮೂರು ದಿನ ಮೂಲೆಯಲ್ಲೇ ಬಿಟ್ಟಿದ್ದೆ.