ರೂಟ್ ಝೋನ್ ನಮ್ಮ ರಿಸಾಲ್ವರ್‌ನಲ್ಲೇ: ನನ್ನ ಅನುಭವ

ಜಾಲತಾಣದ ಹೆಸರನ್ನು ಐಪಿ ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್‌ನ ಆಡಳಿತ ಯಾರ ಕೈಯಲ್ಲಿರಬೇಕೆಂಬ ಚರ್ಚೆ ಎದ್ದಾಗಲೆಲ್ಲ, ಎಲ್ಲ ಟಿಎಲ್‌ಡಿಗಳ (ಡಾಟ್ ಕಾಮ್, ಡಾಟ್ ಇನ್‌ನಂಥ ಹೆಸರಿನ ಕೊನೆಯ ಭಾಗಗಳ) ಪಟ್ಟಿಯಾದ ರೂಟ್ ಝೋನ್‌ನ ಪ್ರತಿಯನ್ನು ನಮ್ಮ ರಿಸಾಲ್ವರ್‌ನಲ್ಲೇ (ಹೆಸರುಗಳ ವಿಳಾಸ ಹುಡುಕಿಕೊಡುವ ಸರ್ವರ್‌ನಲ್ಲೇ) ಇಟ್ಟುಕೊಂಡು ಪರಿಶೀಲಿಸೋಣ ಎನ್ನುತ್ತಿದ್ದೆ. ಆ ಪಟ್ಟಿಯಿಂದ ಉತ್ತರ ಕೊಡುವ 13 ರೂಟ್ ಸರ್ವರ್‌ಗಳಿರುವಾಗ ನಮಗೇಕೆ ಈ ಉಸಾಬರಿ ಎಂದು ಸಹೋದ್ಯೋಗಿಗಳು ತಳ್ಳಿಹಾಕುತ್ತಿದ್ದರು. ಈಗ ಅದು ಹದಿನಾಲ್ಕು ತಿಂಗಳಿಂದ ಒಂದು ದಿನವೂ ನಿಲ್ಲದೆ ನಡೆದಿದೆ. ಅವರಲ್ಲಿ ಇಬ್ಬರು ನನ್ನ ಕಾನ್ಫಿಗ್ ಫೈಲನ್ನು ಕೇಳಿ ಪಡೆದಿದ್ದಾರೆ.

ಮೊದಲ ಪ್ರಯತ್ನ ಎಂಟನೆಯ ದಿನ ಕುಸಿಯಿತು. ಅನ್‌ಬೌಂಡ್ ಎಂಬ ರಿಸಾಲ್ವರ್ ತಂತ್ರಾಂಶಕ್ಕೆ ಮೊದಲ ಪ್ರತಿಯನ್ನು ಕೈಯಾರೆ ಹಾಕಿ, ಶುದ್ಧ ಪರೀಕ್ಷೆಯಾಗಲೆಂಬ ಹಟದಿಂದ, ಪ್ರತಿ ಕೈಕೊಟ್ಟಾಗ ರೂಟ್ ಸರ್ವರ್‌ಗಳನ್ನೇ ಕೇಳುವ ಫಾಲ್‌ಬ್ಯಾಕನ್ನೂ ಮುಚ್ಚಿದ್ದೆ. ನಮ್ಮ ಫೈರ್‌ವಾಲ್ ಡಿಎನ್‌ಎಸ್ ಬಳಸುವ 53ನೇ ಪೋರ್ಟಿನಲ್ಲಿ ಸಣ್ಣ ಸಂದೇಶಗಳ ಯುಡಿಪಿಯನ್ನಷ್ಟೇ ಹೊರಬಿಡುತ್ತಿದ್ದುದರಿಂದ, ಹೊಸ ಸೀರಿಯಲ್ (ಆವೃತ್ತಿ ಸಂಖ್ಯೆ) ಬಂದದ್ದು ತಿಳಿಯುತ್ತಿತ್ತೇ ಹೊರತು ಟಿಸಿಪಿ ಸಂಪರ್ಕ ಬೇಕಾದ ಎಎಕ್ಸ್‌ಎಫ್‌ಆರ್ (ಇಡೀ ಝೋನ್‌ನ ವರ್ಗಾವಣೆ) ಒಮ್ಮೆಯೂ ಪೂರ್ಣಗೊಳ್ಳಲಿಲ್ಲ. ಝೋನ್‌ನ ಎಸ್‌ಒಎ ದಾಖಲೆಯಲ್ಲಿರುವ ಗಡುವಾದ 604800 ಸೆಕೆಂಡು, ಅಂದರೆ ಏಳು ದಿನ, ಕಳೆದೊಡನೆ ಝೋನ್ ಅವಧಿ ಮೀರಿತು. ಕ್ಯಾಶ್‌ನಲ್ಲಿದ್ದ ಡಾಟ್ ಕಾಮ್ ಹೆಸರುಗಳು ಎಂದಿನಂತೆ ತೆರೆಯುತ್ತಿದ್ದು, ಅಪರೂಪದ ಟಿಎಲ್‌ಡಿಗಳಿಗೆ ಮಾತ್ರ ಸರ್ವ್‌ಫೇಲ್ (ಉತ್ತರ ಸಿಗಲಿಲ್ಲವೆಂಬ ದೋಷ) ಬರುತ್ತಿದ್ದರಿಂದ, ದೋಷ ಅವುಗಳದ್ದೇ ಎಂದುಕೊಂಡು ಅರ್ಧ ದಿನ ಅಲ್ಲೇ ಹುಡುಕಿದೆ.

ಹಣದ ಪೆಟ್ಟು ಇದಕ್ಕಿಂತ ಹಿಂದಿನದು. ಸಿದ್ಧ ಉಪಕರಣವೊಂದಕ್ಕೆ ನಾನು ಕಟ್ಟಿದ ಒಂದು ವರ್ಷದ ಪರವಾನಗಿ ಶುಲ್ಕದಲ್ಲಿ, ಈಗಿನ ಎರಡು ಸಣ್ಣ ಬಾಡಿಗೆ ಸರ್ವರ್‌ಗಳನ್ನು ಹೆಚ್ಚುಕಡಿಮೆ ಮೂರು ವರ್ಷ ನಡೆಸಬಹುದಿತ್ತು. ಝೋನ್ ಫೈಲ್ ಇರುವುದೇ ಸುಮಾರು ಎರಡು ಎಂಬಿ.

ನಡುವೆ, ಪ್ರತಿಗೆ ನನ್ನದೇ ಒಂದು ಟಿಎಲ್‌ಡಿಯನ್ನು ಸೇರಿಸಿ ನೋಡಿದೆ. 2023ರಿಂದ ರೂಟ್‌ನಲ್ಲಿರುವ, ಝೋನ್ ಬದಲಾಗಿಲ್ಲವೆಂದು ಖಚಿತಪಡಿಸುವ ಝೋನ್‌ಎಮ್‌ಡಿ ದಾಖಲೆ ತಾಳೆಯಾಗದೆ ಇಡೀ ಪ್ರತಿಯೇ ತಿರಸ್ಕೃತವಾಯಿತು. ಆ ತಪಾಸಣೆಯನ್ನು ತೆಗೆದರೂ, ಅಂಥ ಹೆಸರೇ ಇಲ್ಲವೆಂದು ಸಾರುವ, ಡಿಜಿಟಲ್ ಸಹಿಯಿದ್ದ ಎನ್‌ಎಸ್‌ಇಸಿ ದಾಖಲೆ ಅಲ್ಲೇ ಇತ್ತು. ನಮ್ಮದೇ ಟಿಎಲ್‌ಡಿಗಳಿರುವ ಪರ್ಯಾಯ ರೂಟ್‌ನ ಮೇಲಿದ್ದ ಒಲವನ್ನು ಅಂದೇ ಬಿಟ್ಟೆ.

1998ರ ಜನವರಿಯಲ್ಲಿ, ಇಂಟರ್ನೆಟ್‌ನ ಹೆಸರು-ಸಂಖ್ಯೆಗಳನ್ನು ಆಗ ನೋಡಿಕೊಳ್ಳುತ್ತಿದ್ದ ಜಾನ್ ಪೋಸ್ಟೆಲ್ ಅವರ ಒಂದು ಇಮೇಲ್‌ಗೆ ಎಂಟು ರೂಟ್ ಸರ್ವರ್‌ಗಳು ಅಧಿಕೃತ ಮೂಲವನ್ನು ಬಿಟ್ಟು ಅವರ ಸರ್ವರ್‌ನಿಂದ ಝೋನ್ ಪಡೆಯುವಂತೆ ದಿಕ್ಕು ಬದಲಿಸಿದ್ದವು. ಅಂದು ತಾಳೆ ನೋಡಲು ಸಹಿಯೇ ಇರಲಿಲ್ಲ. ರೂಟ್‌ಗೆ ಸಹಿ ಬಿದ್ದದ್ದು 2010ರಲ್ಲಿ. ಅಮೆರಿಕ ಸರ್ಕಾರದ ಒಪ್ಪಂದ ಮುಗಿದು, ರೂಟ್ ಝೋನ್ ನೋಡಿಕೊಳ್ಳುವ ಲಾಭರಹಿತ ಸಂಸ್ಥೆ ಐಕ್ಯಾನ್ ಸ್ವತಂತ್ರವಾಗಿ ಹೊಣೆ ಹೊತ್ತದ್ದು 2016ರ ಅಕ್ಟೋಬರ್ 1ರಂದು. ಆ ಹೊಣೆಯನ್ನು ಸರ್ಕಾರಗಳ ಒಕ್ಕೂಟಕ್ಕೆ ಒಪ್ಪಿಸಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ, ಆದರೆ ಐಕ್ಯಾನನ್ನೂ ಬರಿಯ ನಂಬಿಕೆಯ ಮೇಲೆ ಬಿಡಲಾರೆ. ದಿನವೂ ಬೆಳಿಗ್ಗೆ ಹೊಸ ಪ್ರತಿಯನ್ನು ನಿನ್ನೆಯದರೊಂದಿಗೆ ಹೋಲಿಸಿ, ಯಾವ ಟಿಎಲ್‌ಡಿಯ ಎನ್‌ಎಸ್ (ಅದರ ಸರ್ವರ್‌ಗಳ ಹೆಸರು) ಅಥವಾ ಡಿಎಸ್ (ಅದರ ಸಹಿಕೀಲಿಯ ಗುರುತು) ಬದಲಾಯಿತೆಂದು ನೋಡುತ್ತೇನೆ. ನವೀಕರಣಗೊಂಡ ಸಹಿಗಳ ರಾಶಿಯನ್ನು ಸೋಸುವ ಸ್ಕ್ರಿಪ್ಟ್ ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ. ಯಾವುದಾದರೂ ದೇಶದ ಟಿಎಲ್‌ಡಿ ರೂಟ್‌ನಿಂದ ಮಾಯವಾದರೆ, ಯಾರ ಹೇಳಿಕೆಗೂ ಕಾಯದೆ ಅದು ನನಗೆ ಮರುದಿನವೇ ಕಾಣುತ್ತದೆ.