ಬರದ ದಿನಗಳಲ್ಲಿ ಕಾಡುಪ್ರಾಣಿಗಳ ರೋಗವನ್ನು ಗುರುತಿಸುವುದು: ತಾಳವಾಡಿ ಕಾಡಂಚಿನವರಿಗೆ

ತಾಳವಾಡಿ, ಹಾಸನೂರು, ತಲಮಲೆ ಭಾಗದ ಊರುಗಳು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶಕ್ಕೆ ಅಂಟಿಕೊಂಡಿರುವುದರಿಂದ, ಬೇಸಿಗೆಯಲ್ಲಿ ಕೆರೆಕುಂಟೆಗಳು ಬತ್ತಿದಾಗ ಕಾಡಿನ ಪ್ರಾಣಿಗಳೂ ಊರಿನ ದನಕರುಗಳೂ ಉಳಿದ ಒಂದೆರಡು ನೀರಿನ ತಾಣಗಳಲ್ಲೇ ಸೇರುತ್ತವೆ. ಮೇವಿಲ್ಲದೆ ಸೊರಗಿ ರೋಗನಿರೋಧಕ ಶಕ್ತಿ ಕುಗ್ಗಿರುವಾಗಲೇ ಹೀಗೆ ಒತ್ತೊತ್ತಾಗಿ ಸೇರುವುದು ಅಪಾಯಕಾರಿ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಸುಮಾರು ಮೂರನೇ ಒಂದು ಪಾಲು ಸಿಂಹಗಳು ಡಿಸ್ಟೆಂಪರ್ ಎಂಬ ವೈರಸ್ ರೋಗದ ಪಿಡುಗಿನಲ್ಲಿ ಸತ್ತದ್ದರ ಹಿಂದೆಯೂ ಬರವಿತ್ತು: ಬಡಕಲಾದ ಕಾಡೆಮ್ಮೆಗಳಿಗೆ ರಕ್ತ ಹೀರುವ ಉಣ್ಣಿ ಮುತ್ತಿತ್ತು, ಅವುಗಳನ್ನು ಬೇಟೆಯಾಡಿದ ಸಿಂಹಗಳಿಗೆ ಉಣ್ಣಿಯಿಂದ ಹರಡುವ ಬೆಬೀಸಿಯಾ ಸೋಂಕೂ ತಗಲಿ ಡಿಸ್ಟೆಂಪರ್ ಮಾರಕವಾಯಿತು.

ಆದ್ದರಿಂದ ಮೊದಲು ಗಮನಿಸಬೇಕಾದದ್ದು ನೀರನ್ನು. ಯಾವ ಕುಂಟೆ ಯಾವಾಗ ಬತ್ತಿತು, ಮಳೆ ಯಾವಾಗ ಬಿತ್ತು, ಎಲ್ಲಿ ಯಾವ ಪ್ರಾಣಿ ಸತ್ತಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಒಂದು ಕಡವೆ ಸತ್ತರೆ ಅದು ಪಿಡುಗೆನಿಸದು. ಒಂದೇ ನೀರಿನ ಸುತ್ತ ಕೆಲವೇ ದಿನಗಳಲ್ಲಿ ಹಲವು ಸತ್ತರೆ ತಡಮಾಡದೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಹೆಚ್ಚು ಎಚ್ಚರ ಬೇಕಾದದ್ದು ನೆರಡಿ (ಆಂಥ್ರಾಕ್ಸ್) ರೋಗದ ವಿಷಯದಲ್ಲಿ. ಇದರ ಬೀಜಾಣುಗಳು (ಗಟ್ಟಿ ಕವಚದೊಳಗೆ ಸುಪ್ತವಾಗಿರುವ ರೋಗಾಣುಗಳು) ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತವೆ. ಬರದಲ್ಲಿ ಹುಲ್ಲು ನೆಲಮಟ್ಟಕ್ಕೆ ಇಳಿದಾಗ ಪ್ರಾಣಿಗಳು ಮಣ್ಣನ್ನೂ ಸೇರಿಸಿ ಮೇಯುತ್ತವೆ. ಬಳಿಕ ಜೋರು ಮಳೆ ಬಂದರೆ ಬೀಜಾಣುಗಳು ಕೊಚ್ಚಿಕೊಂಡು ತಗ್ಗಿನಲ್ಲಿ ಸೇರುತ್ತವೆ. ದಿಢೀರನೆ ಸತ್ತ ಪ್ರಾಣಿಯ ಮೂಗು, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ, ಹೊಟ್ಟೆ ಬೇಗನೆ ಉಬ್ಬಿದ್ದರೆ ನೆರಡಿ ಎಂದೇ ಶಂಕಿಸಬೇಕು. ಅಂಥ ಕಳೇಬರವನ್ನು ಮುಟ್ಟಬಾರದು, ಎಳೆಯಬಾರದು, ಯಾವ ಕಾರಣಕ್ಕೂ ಕೊಯ್ಯಬಾರದು. ಗಾಳಿ ಸೋಕಿದೊಡನೆ ಒಳಗಿನ ರೋಗಾಣುಗಳು ಬೀಜಾಣುಗಳಾಗಿ ಮಾರ್ಪಡತೊಡಗುತ್ತವೆ. ಮಾಂಸದ ಆಸೆಗೆ ಹೋಗುವವರನ್ನು ತಡೆಯುವುದು ಕಷ್ಟವೆಂಬುದು ನಿಜ, ಆದರೆ ಈ ರೋಗ ಮನುಷ್ಯರಿಗೂ ತಗಲುತ್ತದೆ. ದೂರದಿಂದಲೇ ಚಿತ್ರ ತೆಗೆದು, ನಾಯಿಗಳನ್ನೂ ದನಗಳನ್ನೂ ಅತ್ತ ಬಿಡದೆ, ಪಶುವೈದ್ಯರು ಬರುವವರೆಗೆ ಕಾಯಬೇಕು. ಈಗಾಗಲೇ ಮುಟ್ಟಿದವರು ಜ್ವರ ಅಥವಾ ಹುಣ್ಣು ಕಾಣುವ ತನಕ ಕಾಯದೆ ವೈದ್ಯರಿಗೆ ತಿಳಿಸಬೇಕು.

ಹಿಂದೆ ನೆರಡಿ ಕಂಡಿದ್ದ ಊರುಗಳಲ್ಲಿ ಮಳೆಗಾಲಕ್ಕೆ ಮೊದಲೇ ದನಗಳಿಗೆ ಲಸಿಕೆ ಹಾಕಿಸಬೇಕು. ನಾಯಿಗಳಿಗೂ ಡಿಸ್ಟೆಂಪರ್ ಲಸಿಕೆ ಹಾಕಿಸುವುದು ಒಳ್ಳೆಯದು, ಏಕೆಂದರೆ ಊರ ನಾಯಿಯ ಆ ಸೋಂಕು ಸೀಳುನಾಯಿಗೂ ಹುಲಿಗೂ ತಗಲಬಲ್ಲದು.