ಅಜ್ಜಿಗೆ ಸೊನ್ನೆ, ಅಜ್ಜನಿಗೆ ಮುಕ್ಕಾಲು

ಸಾಗರದಿಂದ ಶಿವಮೊಗ್ಗಕ್ಕೆ ಹೊರಡುವ ಬೆಳಗಿನ ಬಸ್ಸಿನಲ್ಲಿ ನಾನು ನಿರ್ವಾಹಕ. ಆನಂದಪುರ ದಾಟುವ ಹೊತ್ತಿಗೆ ಸೀಟು ತುಂಬಿರುತ್ತದೆ. ಕುಂಸಿ, ಆಯನೂರಿನಲ್ಲಿ ಕಾಲೇಜಿನ ಮಕ್ಕಳು ಹತ್ತಿದರೆಂದರೆ ನಾನು ಒಂದು ಕಾಲಿನ ಮೇಲೆ ನಿಂತೇ ಟಿಕೆಟ್ ಕೊಡಬೇಕು. ಆ ನೂಕಾಟದಲ್ಲಿ ಪೂರ್ತಿ ದರ ಕೊಡುವವರು ಕೆಲವೇ ಮಂದಿ. ಮಿಕ್ಕವರಲ್ಲಿ ಸೊನ್ನೆ ಟಿಕೆಟಿನವರು, ಮುಕ್ಕಾಲು ಟಿಕೆಟಿನವರು, ವಿದ್ಯಾರ್ಥಿ ಪಾಸಿನವರು, ಅಂಗವಿಕಲರ ಪಾಸಿನವರು ಎಲ್ಲ ಸೇರಿರುತ್ತಾರೆ. ಯಾರು ಯಾವ ಲೆಕ್ಕಕ್ಕೆ ಸೇರುತ್ತಾರೆ ಎಂಬುದನ್ನು ಮುಂದಿನ ನಿಲ್ದಾಣ ಬರುವುದರೊಳಗೆ ತೀರ್ಮಾನಿಸಬೇಕಾದವನು ನಾನು.

ಹೊಸದರಲ್ಲಿ ನಾನು ಎಲ್ಲರಂತೆ “ಎಲ್ಲಿಗೆ?” ಎಂದು ಮೊದಲು ಕೇಳುತ್ತಿದ್ದೆ. ಊರು ಒತ್ತಿ, ಟಿಕೆಟ್ ಯಂತ್ರದಿಂದ ಚೀಟಿ ಹೊರಬಂದ ಮೇಲೆ “ನನಗೆ ಅರವತ್ತಾಗಿದೆ ಕಂಡಕ್ಟರೇ” ಎಂಬ ದನಿ ಏಳುತ್ತಿತ್ತು. ಬಂದ ಚೀಟಿ ವಾಪಸು ಒಳಕ್ಕೆ ಹೋಗುವುದಿಲ್ಲ! ಆ ಟಿಕೆಟನ್ನು ಅಷ್ಟೇ ದೂರ ಹೋಗುವ ಇನ್ನೊಬ್ಬರಿಗೆ ಹೊಂದಿಸಬೇಕು, ಇಲ್ಲವಾದರೆ ಕೈಯಿಂದ ದುಡ್ಡು ಹೋಗುತ್ತದೆ. ಎರಡು ಮೂರು ಸಲ ಕೈ ಸುಟ್ಟುಕೊಂಡ ಮೇಲೆ ಕ್ರಮ ಬದಲಿಸಿದೆ. ಈಗ ಮೊದಲು “ಕಾರ್ಡು, ಪಾಸು ಇದ್ದವರು ಕೈಯಲ್ಲಿ ಹಿಡಿದುಕೊಳ್ಳಿ” ಎಂದು ಕೂಗುತ್ತೇನೆ, ಊರಿನ ಹೆಸರು ಆಮೇಲೆ.

ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ಅದಕ್ಕೂ ಮೊದಲು 60 ದಾಟಿದ ಗಂಡಸರು, ಹೆಂಗಸರು ಇಬ್ಬರೂ ಶೇ. 25 ರಿಯಾಯಿತಿಗೆ ಆಧಾರ್ ತೋರಿಸುತ್ತಿದ್ದರು. ಆಮೇಲೆ ಅಜ್ಜಿಯರಿಗೆ ಅದರ ಗೊಡವೆಯೇ ಬೇಡವಾಯಿತು. ನನ್ನ ಕೆಂಪು ಬಸ್ಸಿನ ಮಟ್ಟಿಗೆ ಹಿರಿಯ ನಾಗರಿಕರ ರಿಯಾಯಿತಿ ಈಗ ಅಜ್ಜಂದಿರ ಸೊತ್ತು. ಆನಂದಪುರದಲ್ಲಿ ಹತ್ತುವ ದಂಪತಿ ಒಬ್ಬರಿದ್ದಾರೆ. ಅಜ್ಜ ಎಲೆಅಡಿಕೆಯ ಸಂಚಿ ಬಿಚ್ಚಿ, ಸುಣ್ಣದ ಡಬ್ಬಿಯ ಕೆಳಗಿನಿಂದ ಪ್ಲಾಸ್ಟಿಕ್ ಹೊದಿಸಿದ ಆಧಾರ್ ಎಳೆಯುತ್ತಾರೆ. ಅದರ ಒಂದು ಮೂಲೆ ಕೆಂಪಾಗಿದೆ. ಹುಟ್ಟಿದ ದಿನ ಜನವರಿ 1. ನಮ್ಮ ಕಡೆಯ ಮುದುಕರಲ್ಲಿ ಎಷ್ಟೋ ಜನ ಕಾಗದದ ಮೇಲೆ ಹುಟ್ಟಿರುವುದು ಜನವರಿ ಒಂದರಂದೇ. ಮೊದಲ ದಿನ ಎರಡು ಚೀಟಿಗಳನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿದ ಅಜ್ಜ, “ನಲವತ್ತು ವರ್ಷ ಇವಳ ಟಿಕೆಟಿಗೂ ನಾನೇ ದುಡ್ಡು ಕೊಟ್ಟಿದ್ದೇನೆ ಮಾರಾಯ. ಈಗ ಇವಳಿಗೆ ಸೊನ್ನೆ, ನನಗೆ ಮುಕ್ಕಾಲು!” ಎಂದರು. ಅಜ್ಜಿ ಕಿಟಕಿಯಿಂದ ಮುಖ ತಿರುಗಿಸದೆ, “ಉಳಿದ ಕಾಲು ಭಾಗದಲ್ಲಿ ನನಗೊಂದು ಮೊಳ ಮಲ್ಲಿಗೆ ಕೊಡಿಸಿ” ಎಂದರು.

ಸೊನ್ನೆ ಟಿಕೆಟ್ ಕೊಡುವುದು ಸುಲಭ ಎಂದು ಹೊರಗಿನವರು ತಿಳಿಯುತ್ತಾರೆ. ದುಡ್ಡು ಕೊಡದವರು ಚೀಟಿ ಯಾಕೆ ಇಟ್ಟುಕೊಳ್ಳುತ್ತಾರೆ? ಕೆಲವರು ಕಿಟಕಿಯಿಂದ ಹಾರಿಸಿಬಿಡುತ್ತಾರೆ, ಕೆಲವರು “ಫ್ರೀ ಅಲ್ಲವೇ, ಚೀಟಿ ಏತಕ್ಕೆ?” ಎನ್ನುತ್ತಾರೆ. ಆ ಚೀಟಿಯ ಲೆಕ್ಕದ ಮೇಲೆಯೇ ಸರ್ಕಾರ ಸಾರಿಗೆ ಸಂಸ್ಥೆಗೆ ಹಣ ಕೊಡುವುದು. ತಪಾಸಣೆಯವರು ಹತ್ತಿದಾಗ ಕೈಯಲ್ಲಿ ಚೀಟಿ ಇಲ್ಲದಿದ್ದರೆ ಅಮ್ಮನಿಗೂ ತೊಂದರೆ, ನನಗೂ ತೊಂದರೆ. ಇನ್ನು ಕಾರ್ಡಿನಲ್ಲಿ ಕರ್ನಾಟಕದ ವಿಳಾಸವೇ ಇರಬೇಕು. ಬೇರೆ ರಾಜ್ಯದಿಂದ ಮದುವೆಯಾಗಿ ಬಂದ ಹೊಸ ಸೊಸೆಯರ ಆಧಾರಿನಲ್ಲಿ ತವರಿನ ವಿಳಾಸವೇ ಉಳಿದಿರುತ್ತದೆ. ಅತ್ತೆಗೆ ಸೊನ್ನೆ ಕೊಟ್ಟು ಸೊಸೆಯ ಹತ್ತಿರ ಪೂರ್ತಿ ದುಡ್ಡು ಕೇಳಿದರೆ ಇಬ್ಬರೂ ನನ್ನನ್ನು ನೋಡುವ ನೋಟ ಇದೆಯಲ್ಲ, ಅದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ವಿಳಾಸ ಬದಲಿಸಿಕೊಳ್ಳಿ ಎಂದು ಹೇಳುತ್ತೇನೆ. ಕೆಲವರು ಬದಲಿಸಿಕೊಂಡು ಬಂದು, ಹತ್ತುವಾಗಲೇ ಕಾರ್ಡನ್ನು ಬಾವುಟದಂತೆ ಎತ್ತಿ ತೋರಿಸುತ್ತಾರೆ.

ಮುಖ ನೋಡಿ ವಯಸ್ಸು ಹೇಳುವ ಚಾಳಿಯನ್ನು ನಾನು ಬಿಟ್ಟದ್ದು ಒಂದು ಮಳೆಗಾಲದಲ್ಲಿ. ಬೆಳ್ಳಗಿನ ತಲೆ, ಬಾಗಿದ ಬೆನ್ನು, ಒದ್ದೆ ಕೊಡೆ. “ಕಾರ್ಡು ಮನೆಯಲ್ಲಿ ಮರೆತೆ” ಎಂದರು. ಪಾಪ ಎಂದುಕೊಂಡು ಮುಕ್ಕಾಲು ಟಿಕೆಟ್ ಕೊಟ್ಟೆ. ಮುಂದಿನ ನಿಲ್ದಾಣದಲ್ಲೇ ತಪಾಸಣೆಯವರು ಹತ್ತಿದರು. ಕೇಳಿದ್ದಕ್ಕೆ ಆ ಮನುಷ್ಯ ಮುಚ್ಚುಮರೆಯಿಲ್ಲದೆ “ಐವತ್ತೇಳು” ಎಂದುಬಿಟ್ಟರು. ತಪ್ಪು ನನ್ನದೇ, ನೋಟಿಸಿಗೆ ಉತ್ತರ ಬರೆದದ್ದೂ ನಾನೇ. ಆವತ್ತಿನಿಂದ ಕಾರ್ಡು ಕಣ್ಣಿಗೆ ಬೀಳದೆ ರಿಯಾಯಿತಿಯ ಗುಂಡಿ ಒತ್ತುವುದಿಲ್ಲ. ಕಾರ್ಡು ಮರೆತವರಿಗೆ “ಇವತ್ತು ಪೂರ್ತಿ ಕೊಡಿ, ನಾಳೆ ತನ್ನಿ” ಎನ್ನುತ್ತೇನೆ. ಬೈಯುತ್ತಾರೆ, ಬೈಸಿಕೊಳ್ಳುತ್ತೇನೆ.

ವಿದ್ಯಾರ್ಥಿಗಳ ಪಾಸಿನಲ್ಲಿ ನೋಡುವುದು ಎರಡೇ: ಯಾವ ಊರಿನಿಂದ ಯಾವ ಊರಿಗೆ, ಎಂದಿನವರೆಗೆ. ಮುಖ ನೋಡುವ ಅಗತ್ಯ ನನಗಿಲ್ಲ, ಜುಲೈ ಮುಗಿಯುವ ಹೊತ್ತಿಗೆ ಎಲ್ಲರ ಹೆಸರೂ ಗೊತ್ತಿರುತ್ತದೆ.

ಅಂಗವಿಕಲರ ಪಾಸಿನ ವಿಷಯದಲ್ಲಿ ಮಾತ್ರ ನಾನು ತಡವಾಗಿ ಕಲಿತೆ. ವರ್ಷಕ್ಕೆ 660 ರೂಪಾಯಿ ಕಟ್ಟಿದರೆ ವಾಸಸ್ಥಳದಿಂದ 100 ಕಿಲೋಮೀಟರ್ ವ್ಯಾಪ್ತಿಯಲ್ಲಿ ಓಡಾಡಬಹುದು. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯದ ಪ್ರಮಾಣ ಬೇಕು. ಅಂಧರ ಪಾಸು ಬೇರೆ, ಅದಕ್ಕೆ ಶುಲ್ಕವಿಲ್ಲ. ಇದೆಲ್ಲ ನನಗೆ ಬಾಯಿಪಾಠವಾಗಿತ್ತು. ಆದರೆ ವೈಕಲ್ಯ ಎಂದರೆ ಕೋಲು, ಗಾಲಿಕುರ್ಚಿ, ಕಪ್ಪು ಕನ್ನಡಕ ಎಂದೇ ತಲೆಯಲ್ಲಿ ಕೂತಿತ್ತು. ಒಮ್ಮೆ ಕುಂಸಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಹುಡುಗನೊಬ್ಬ ಹತ್ತಿ ಹಿಂದಿನ ಬಾಗಿಲ ಹತ್ತಿರ ನಿಂತ. ಮೂರು ಸಲ “ಟಿಕೆಟ್” ಎಂದೆ, ತಿರುಗಲಿಲ್ಲ. ನಾಲ್ಕನೆಯ ಸಲ ಇಡೀ ಬಸ್ಸಿಗೆ ಕೇಳುವಂತೆ ಕಿರುಚಿದೆ. ಬಸ್ಸೆಲ್ಲ ತಿರುಗಿ ನೋಡಿತು, ಅವನನ್ನು ಬಿಟ್ಟು. ಪಕ್ಕದವರು ಭುಜ ಮುಟ್ಟಿದಾಗ ಗಾಬರಿಯಾಗಿ ಅಂಗಿಯ ಜೇಬಿನಿಂದ ಪಾಸು ತೆಗೆದ. ಶ್ರವಣದೋಷ ಎಂದು ಬರೆದಿತ್ತು. ನಾನು ಮಾಡಿದ್ದು ಇನ್ನೂ ಕೆಟ್ಟದ್ದು: ಪಾಸನ್ನು ತಿರುಗಿಸಿ ಮುರುಗಿಸಿ ನೋಡಿ, ಅವನ ಮುಖ ನೋಡಿ, ಮತ್ತೆ ಪಾಸು ನೋಡಿದೆ. ಸುಳ್ಳು ಪಾಸಿರಬಹುದು ಎಂಬ ಅನುಮಾನ. ಅದು ಅವನಿಗೆ ಅರ್ಥವಾಯಿತು, ಅದಕ್ಕೆ ಕಿವಿ ಬೇಕಿರಲಿಲ್ಲ. ಮುಂದೆ ಎಷ್ಟೋ ದಿನ ಅವನು ನನ್ನ ಬಸ್ಸು ಬಿಟ್ಟು, ದುಡ್ಡು ಕೊಟ್ಟು ಖಾಸಗಿ ಬಸ್ಸು ಹತ್ತುವುದನ್ನು ಕಂಡೆ.

ಈಗ ಉತ್ತರ ಬಾರದಿದ್ದರೆ ಎರಡನೆಯ ಸಲ ಕೂಗುವುದಿಲ್ಲ. ಎದುರಿಗೆ ಹೋಗಿ ನಿಂತು, ಅಂಗೈ ಚಾಚುತ್ತೇನೆ. ಪಾಸು ಕೊಟ್ಟರೆ ದಿನಾಂಕ ನೋಡಿ ತಕ್ಷಣ ವಾಪಸು ಕೊಡುತ್ತೇನೆ. ಈ ಪಾಸುಗಳು ಡಿಸೆಂಬರ್ 31ಕ್ಕೆ ಮುಗಿಯುತ್ತವೆ. ಹೊಸದಕ್ಕೆ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಹಾಗಾಗಿ ವರ್ಷದ ಕೊನೆಯ ವಾರದಲ್ಲಿ ದಿನಾಂಕದ ಮೇಲೆ ಬೆರಳಿಟ್ಟು ನೆನಪಿಸುವುದು ನನ್ನ ರೂಢಿ.

ಕುಂಸಿಯ ಹುಡುಗ ಮರಳಿ ನನ್ನ ಬಸ್ಸು ಹತ್ತಲು ಶುರುಮಾಡಿದ್ದಾನೆ. ಕಳೆದ ಡಿಸೆಂಬರಿನಲ್ಲಿ ಅವನಿಗೂ ಹಾಗೆಯೇ ಬೆರಳಿಟ್ಟು ತೋರಿಸಿದೆ. ಅವನು ಮೊಬೈಲ್ ತೆಗೆದು, ಅರ್ಜಿ ಸಂಖ್ಯೆಯ ಸಂದೇಶವನ್ನು ನನ್ನ ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದ. ಹಾಕಿ ಆಗಲೇ ಹತ್ತು ದಿನವಾಗಿತ್ತು.